ಅತ್ತೆಯ ಒಲೆಗೆ ಗುಂಯ್ಯಣ್ಣ ಕಟ್ಟಿದ ಗಂಟೆ

ಗುಂಯ್ಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾವ ತಾಯಿ ತಾನೇ ಮಗುವಿಗೆ ಹಾಗೆ ಹೆಸರಿಟ್ಟಾಳು? ಅದು ಬೀದಿ ಇಟ್ಟ ಹೆಸರು. ಕೆಟ್ಟ ರೇಡಿಯೋ, ಮೂಕಾದ ಸ್ಪೀಕರು, ಏನೇ ತಂದು ಮುಂದಿಟ್ಟರೂ ಅವನು ಮೊದಲು ಮೀಟರಿಗೆ ಕೈ ಹಾಕುವುದಿಲ್ಲ. ಬೆನ್ನಿನ ಮುಚ್ಚಳ ಬಿಚ್ಚುತ್ತಾನೆ, ತೋರುಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಾನೆ, ಆಂಪ್ಲಿಫೈಯರಿನೊಳಕ್ಕೆ ದನಿ ಹೋಗುವ ತಂತಿಯ ತುದಿಯನ್ನು ಆ ಬೆರಳಿನಿಂದ ಮುಟ್ಟುತ್ತಾನೆ. ಸ್ಪೀಕರು ‘ಗುಂಯ್’ ಎಂದರೆ ಆಂಪ್ಲಿಫೈಯರಿಗೆ ಜೀವವಿದೆ ಎಂದು ಅರ್ಥ. ಅನ್ನದಿದ್ದರೆ ನಾಳೆ ಬನ್ನಿ ಎಂದು ಅರ್ಥ. ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಿದರೆ ತಾನೇ ಮೇಲಕ್ಕೆ ಹೋಗಬೇಕಾಗುತ್ತದೆ ಎಂಬುದು ಅವನ ಬೆರಳಿಗೆ ಚೆನ್ನಾಗಿ ಗೊತ್ತು.

ಅವನ ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಳಗೆ ಹೋಗುವವರು ತಲೆ ತಗ್ಗಿಸಲೇಬೇಕು. “ನನ್ನ ಅಂಗಡಿಗೆ ಬರೋರೆಲ್ಲ ವಿನಯವಂತರೇ” ಎಂದು ಅವನು ಹೇಳುವುದುಂಟು. ಹೊಸಬರು ನಗುತ್ತಾರೆ, ಹಳಬರು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ. ತಗ್ಗಿನ ಕಡೆ ಬೆಸುಗೆಯ ಮೇಜು, ಎತ್ತರದ ಕಡೆ ಹಲಗೆ, ಹಲಗೆಯ ತುಂಬ ಬಿಸ್ಕತ್ತಿನ ಡಬ್ಬಗಳು. ಬಿಸ್ಕತ್ತು ಮಾತ್ರ ಯಾವುದರಲ್ಲೂ ಇಲ್ಲ. ಅವನ ಅಪ್ಪ ಬಡಗಿ. ಅಪ್ಪನಿಂದ ಬಂದ ಆಸ್ತಿ ಎಂದರೆ ಒಂದು ಕೀಸುಳಿ, ಎರಡು ಉಳಿ, ಮತ್ತು ಚೂಪಾದ ಅಂಚನ್ನು ಕಂಡರೆ ಸುಮ್ಮನಿರಲಾಗದ ರೋಗ. ಮೇಜಿನ ಮೂಲೆಯಿರಲಿ, ಬಾಗಿಲಿನ ತುದಿಯಿರಲಿ, ಉಜ್ಜಿ ಉಜ್ಜಿ ದುಂಡಗೆ ಮಾಡಿದ ಮೇಲೇ ಅವನಿಗೆ ನೆಮ್ಮದಿ. ಕಿವಿಯ ವಿಷಯದಲ್ಲೂ ಹಾಗೇ. ಒಡಕು ದನಿ ಕೇಳಿದರೆ ಅವನಿಗೆ ಹಲ್ಲು ಜುಮ್ಮೆನ್ನುತ್ತದೆ.

ಹೆಂಡತಿ ಸಿಕ್ಕಿದ್ದೂ ಈ ಮೆಟ್ಟಿಲ ಕೆಳಗೇ. ಬೀದಿಯ ತಿರುವಿನಲ್ಲಿ ಬ್ರೆಡ್ಡಿನ ಅಂಗಡಿ ನಡೆಸುತ್ತಿದ್ದ ಹೆಂಗಸೊಬ್ಬರು ಒಂದು ದಿನ ರೇಡಿಯೋ ತಂದರು. ಸರಿಮಾಡಿ ಕೊಟ್ಟ. ಸ್ವಲ್ಪ ದಿನ ಬಿಟ್ಟು ಮೇಜಿನ ದೀಪ ತಂದರು. ಅದನ್ನೂ ಸರಿಮಾಡಿದ. ಆಮೇಲೆ ಒಂದು ಇಸ್ತ್ರಿಪೆಟ್ಟಿಗೆ ಬಂತು. ಈ ಸಲ ಅದನ್ನು ಹೊತ್ತು ತಂದವಳು ಅವರ ಮಗಳು. ತಾಯಿ ಹಿಂದೆ ನಿಂತು, ತಲೆ ತಗ್ಗಿಸಿ, ಕಣ್ಣು ಮಾತ್ರ ಎತ್ತಿ ಅವನನ್ನೇ ನೋಡುತ್ತಿದ್ದರು. ಇಸ್ತ್ರಿಪೆಟ್ಟಿಗೆಗೆ ಬೇರೇನೂ ಆಗಿರಲಿಲ್ಲ, ಪ್ಲಗ್ಗಿನೊಳಗೆ ಒಂದು ತಂತಿ ಬಿಟ್ಟುಕೊಂಡಿತ್ತು. ತಾನಾಗಿ ಬಿಟ್ಟುಕೊಂಡ ತಂತಿ ಹಾಗಿರುವುದಿಲ್ಲ. ಯಾರೋ ಸ್ಕ್ರೂ ಸಡಿಲಿಸಿ ಎಳೆದಂತಿತ್ತು. ಗುಂಯ್ಯಣ್ಣ ಅದನ್ನು ಹೇಳಬೇಕೆಂದು ಬಾಯಿ ತೆರೆದ, ಮಗಳ ಮುಖ ನೋಡಿದ, ಬಾಯಿ ಮುಚ್ಚಿದ, ತಂತಿ ಬಿಗಿದು ಕಾಸಿಲ್ಲದೆ ಕೊಟ್ಟ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತು ಅವನ ಹೊಟ್ಟೆಯಲ್ಲೇ ಇತ್ತು.

ಆ ಹೆಂಗಸೇ ಅವನ ಅತ್ತೆ. ಗಂಡ ತೀರಿಕೊಂಡ ಮೇಲೆ ಒಂದು ಒಲೆ, ಒಂದು ಮೂಟೆ ಹಿಟ್ಟು ಇಟ್ಟುಕೊಂಡು ಅಂಗಡಿ ಶುರುಮಾಡಿದವರು. ಈಗ ಮಾರಾಟ, ಹೊರಗಿನ ವ್ಯವಹಾರ ಎಲ್ಲ ಮಗಳದು. ಒಲೆ ಮಾತ್ರ ಅತ್ತೆಯದು. ಮುಂಚೆಯೆಲ್ಲ ಬ್ರೆಡ್ಡು ಬೆಂದದ್ದನ್ನು ಅವರು ಮೂಗಿನಿಂದಲೇ ಹೇಳುತ್ತಿದ್ದರು. ಹೊಸ ಒಲೆ ಬಂದ ಮೇಲೆ ಆ ವಿದ್ಯೆ ಕೆಲಸಕ್ಕೆ ಬಾರದೆ ಹೋಯಿತು. ಅದರ ಬಾಗಿಲು ಬಿಗಿ, ಮೇಲೆ ಗೋಡೆಯಲ್ಲಿ ಕೂರಿಸಿದ ದೊಡ್ಡ ಫ್ಯಾನು ಒಳಗಿನ ಗಾಳಿಯನ್ನೆಲ್ಲ ಎಳೆದು ಆಚೆ ಹಾಕುತ್ತದೆ, ಅದರ ಸದ್ದೋ ದಿನವಿಡೀ ಭರ್ರೋ ಎನ್ನುತ್ತದೆ. ಅತ್ತೆ ಒಲೆಗೆ ಬೆನ್ನು ಹಾಕಿ ಮುಂದಿನ ಹಿಟ್ಟು ನಾದುತ್ತಿರುತ್ತಾರೆ. ಹೊತ್ತಾದಾಗ ಒಲೆ ತಾನೇ ಕೂಗಿ ಕರೆಯಬೇಕು.

ಒಲೆ ಕೂಗುತ್ತಿತ್ತು. ‘ಕೀಂ ಕೀಂ’ ಎಂದು ಮೂರು ಮನೆಯಾಚೆಗೆ ಕೇಳುವಂತೆ ಕೂಗುತ್ತಿತ್ತು. ಅತ್ತೆಗೆ ಮಾತ್ರ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಗಳು ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಒಲೆಯಿಂದ ಎದ್ದ ಹೊಗೆ ಫ್ಯಾನಿನ ಕಡೆ ಏರುತ್ತಿದೆ, ಅದಕ್ಕೆ ಬೆನ್ನು ಹಾಕಿ ತಾಯಿ ತನ್ನಷ್ಟಕ್ಕೆ ಏನೋ ಗುನುಗಿಕೊಂಡು ಹಿಟ್ಟು ನಾದುತ್ತಿದ್ದಾರೆ. ಮಗಳಿಗೆ ಜೀವ ಬಾಯಿಗೆ ಬಂತು. “ಅಮ್ಮಾ” ಎಂದು ಕಿರುಚಿದಳು. ತಾಯಿ ತಿರುಗಲಿಲ್ಲ. ಹೋಗಿ ಭುಜ ಹಿಡಿದಾಗಲೇ ತಿರುಗಿದ್ದು.

“ಬೇಕಂತಲೇ ಕಿವಿಗೆ ಹಾಕ್ಕೊಳಲ್ಲ,” ಎಂದು ಅವಳು ಗಂಡನ ಹತ್ತಿರ ದೂರಿದಳು. ಸಿಟ್ಟಿನಲ್ಲಿದ್ದಳು. “ನೀವು ಕರೆದ್ರೆ ತಕ್ಷಣ ಏನಪ್ಪಾ ಅಂತಾರೆ. ನಾನು ಗಂಟಲು ಹರ್ಕೊಂಡ್ರೂ ಸೊಪ್ಪು ಹಾಕಲ್ಲ. ಹೊಸ ಒಲೆ ತಂದಿದ್ದು ನಾನು ಅಂತ ಇನ್ನೂ ಕೋಪ ಅವರಿಗೆ.”

“ಕಿವಿ ಇನ್ನಷ್ಟು ಮಂದ ಆಗಿದೆ ಅನ್ಸತ್ತೆ,” ಎಂದ ಗುಂಯ್ಯಣ್ಣ.

“ಮಂದ ಆಗಿದ್ರೆ ನಿಮ್ಮ ಮಾತೂ ಕೇಳಬಾರದಿತ್ತು.”

ಅಳಿಯನ ಮೇಲೆ ಅತ್ತೆಗೆ ಒಂದು ತೂಕ ಹೆಚ್ಚು ಪ್ರೀತಿ ಎಂಬುದು ಬೀದಿಗೇ ಗೊತ್ತಿದ್ದ ಸಂಗತಿ, ಅವನೂ ಅದನ್ನು ಒಳಗೊಳಗೇ ನಂಬಿಕೊಂಡು ಸುಖವಾಗಿದ್ದ. ಅತ್ತೆಗೆ ಒಂದು ಕಿವಿಯ ಯಂತ್ರವೇನೋ ಇತ್ತು. ಅದನ್ನು ಹಾಕಿಕೊಂಡರೆ ಫ್ಯಾನು ತಲೆಯೊಳಗೇ ಬಂದು ಕೂರುತ್ತದೆ ಎಂದು ಹೇಳಿ ಅವರು ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಗಂಟೆಯ ಬದಲು ದೀಪ ಹಾಕಿಸೋಣ ಎಂದರೆ “ಬೆನ್ನಲ್ಲಿ ಕಣ್ಣಿದ್ಯಾ ನಂಗೆ?” ಎಂದರು. ಕೊನೆಗೆ ಗುಂಯ್ಯಣ್ಣ ಎದೆ ತಟ್ಟಿಕೊಂಡು ಹೇಳಿದ, ಒಲೆಗೆ ತಾನೇ ಒಂದು ಗಂಟೆ ಕಟ್ಟಿಕೊಡುತ್ತೇನೆ ಎಂದು.

ದನಿ ಹುಟ್ಟಿಸುವುದು ಈಗ ದೊಡ್ಡ ಕೆಲಸವೇನಲ್ಲ. ಉಗುರಿನಷ್ಟಿರುವ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು ಸಿಗುತ್ತದೆ. ಇಷ್ಟು ಹೊತ್ತು ಕಾಯಿ, ಆಮೇಲೆ ಕೂಗು ಎಂದು ಒಮ್ಮೆ ಹೇಳಿಕೊಟ್ಟರೆ ಸಾಯುವ ತನಕ ಅದನ್ನೇ ಮಾಡುತ್ತದೆ, ಎದುರಾಡುವುದಿಲ್ಲ. ಗುಂಯ್ಯಣ್ಣ ಅದಕ್ಕೆ ಒಲೆಯ ಹಳೆಯ ‘ಕೀಂ’ ದನಿಯನ್ನೇ ಕಲಿಸಿದ. ಕೇಳಿಸದಿದ್ದರೆ ಜೋರು ಮಾಡಿದರಾಯಿತು ಎಂಬುದು ಅವನ ಲೆಕ್ಕ. ಚಿಪ್ಪಿನ ಬಡಕಲು ದನಿಯನ್ನು ಒಂದು ದಪ್ಪ ಆಂಪ್ಲಿಫೈಯರಿಗೆ ಕೊಟ್ಟ, ಆಂಪ್ಲಿಫೈಯರಿಗೆ ಕೊಂಬಿನ ಸ್ಪೀಕರು ಕಟ್ಟಿದ. ಮೆಟ್ಟಿಲ ಕೆಳಗೆ ಅತ್ತೆಯನ್ನು ಕೂರಿಸಿ ಮೆಲ್ಲಗೆ ಒಂದು ಸಲ ಕೂಗಿಸಿ ತೋರಿಸಿದ.

“ಕೇಳ್ತಾ ಅತ್ತೆ?”

“ಕೇಳ್ದೆ ಏನು? ಚೆನ್ನಾಗಿ ಕೇಳ್ತಪ್ಪಾ.”

ಮರುದಿನ ಅಂಗಡಿಯಲ್ಲಿ ಅದು ಮೊದಲ ಸಲ ಪೂರ್ತಿ ಗಂಟಲಿನಿಂದ ಕೂಗಿತು. ಅತ್ತೆಯ ಎದುರಿನ ಕಿಂಡಿಯಾಚೆ ಬ್ರೆಡ್ಡು ಕೊಳ್ಳಲು ನಿಂತಿದ್ದವರು ಬಾಗಿಲ ಕಡೆ ಓಡಿದರು. ಪಕ್ಕದ ಕ್ಷೌರದಂಗಡಿಯವನ ಕೈ ಜಾರಿ, ಕುರ್ಚಿಯಲ್ಲಿ ಕೂತಿದ್ದ ಗೌರವಸ್ಥರೊಬ್ಬರ ಮೀಸೆ ಅರ್ಧವಾಯಿತು. ಉಳಿದರ್ಧವನ್ನೂ ತೆಗೆದು ಅವರನ್ನು ಹೇಗೋ ಸಮಾಧಾನ ಮಾಡಬೇಕಾಯಿತು. ಆದರೆ ಅತ್ತೆ ತಿರುಗಿದರು, ಒಲೆ ತೆರೆದರು, ಬ್ರೆಡ್ಡು ಹೊಂಬಣ್ಣದಲ್ಲಿ ಹೊರಗೆ ಬಂತು. ಗುಂಯ್ಯಣ್ಣ ಗೆದ್ದೆ ಎಂದುಕೊಂಡ. ಮುಂದಿನ ಬೆಳಿಗ್ಗೆ, ಅಂಗಡಿಯಲ್ಲಿ ಇನ್ನೂ ಯಾರೂ ಇಲ್ಲದ ಹೊತ್ತಿನ ಮೊದಲ ಒಬ್ಬೆ ಬ್ರೆಡ್ಡು ಇದ್ದಲಾಯಿತು. ಬೆಚ್ಚಿ ಓಡುವವರು ಎದುರಿಗಿದ್ದರೆ ಮಾತ್ರ ಅತ್ತೆಗೆ ಗಂಟೆ ‘ಕೇಳುತ್ತದೆ’ ಎಂಬುದು ಅವನ ಮಂಡೆಗೆ ಆಗ ಹೊಳೆಯಲಿಲ್ಲ.

ಅವನಿಗೆ ಹೊಳೆದದ್ದು ಬೇರೆ. ದನಿ ಒರಟು, ಅದಕ್ಕೇ ಕಿವಿ ಒಲ್ಲೆ ಅನ್ನುತ್ತಿದೆ ಎಂದುಕೊಂಡ. ಒಂದು ರೀತಿಯಲ್ಲಿ ಅದು ನಿಜವೇ. ಚಿಪ್ಪಿಗೆ ಗೊತ್ತಿರುವುದು ಎರಡೇ ಸ್ಥಿತಿ, ಇದೆ ಅಥವಾ ಇಲ್ಲ. ಅದು ಹುಟ್ಟಿಸುವ ಅಲೆ ದಡಕ್ಕನೆ ಏರಿ, ಅಲ್ಲೇ ನಿಂತು, ದಡಕ್ಕನೆ ಇಳಿಯುತ್ತದೆ, ನಾಲ್ಕೂ ಮೂಲೆ ಚೂಪು. ಆ ಮೂಲೆಗಳಿಂದಲೇ ಮುಖ್ಯ ದನಿಯ ಬೆನ್ನಿಗೆ ಹತ್ತಾರು ಕೀಚಲು ದನಿಗಳು ಜೋತುಬಿದ್ದು ಬರುತ್ತವೆ. ಬಡಗಿಯ ಮಗನಿಗೆ ಇದನ್ನು ಸಹಿಸಲಾಗುತ್ತದೆಯೇ? ದಾರಿಯಲ್ಲಿ ಒಂದು ರೆಸಿಸ್ಟರು ಇಟ್ಟ, ಅದರಾಚೆ ನೆಲಕ್ಕೆ ಒಂದು ಕೆಪಾಸಿಟರು ಇಳಿಬಿಟ್ಟ. ದನಿಯನ್ನು ಸೋಸುವ ಜರಡಿ ಎಂದರೆ ಇಷ್ಟೇ: ಕೀಚಲು ದನಿಗಳೆಲ್ಲ ಕೆಪಾಸಿಟರಿನ ಮೂಲಕ ನೆಲಕ್ಕಿಳಿದು ಹೋಗುತ್ತವೆ, ತಗ್ಗು ದನಿ ಮುಂದಕ್ಕೆ ಹೋಗುತ್ತದೆ. ಒಂದು ಜರಡಿ ಸಾಲದೆಂದು ಇನ್ನೊಂದನ್ನೂ ಸೇರಿಸಿದ. ಚಿಪ್ಪಿನ ದನಿಯನ್ನೂ ಬಹಳ ಕೆಳಕ್ಕೆ ಇಳಿಸಿದ. ಎರಡು ಜರಡಿ ದಾಟುವಷ್ಟರಲ್ಲಿ ಅದು ಪಿಸುಮಾತಾಗಿತ್ತು. ಅದನ್ನು ಆಂಪ್ಲಿಫೈಯರು ಎತ್ತಿ ನಿಲ್ಲಿಸಿತು. ಮೆಟ್ಟಿಲ ಕೆಳಗಿನ ಕತ್ತಲಿನಲ್ಲಿ ‘ಊಂ’ ಎಂದು ಮೂಡಿದ ಆ ದುಂಡು ದನಿಯನ್ನು ಕೇಳಿ ಅವನಿಗೇ ಕಣ್ಣು ಮುಚ್ಚಿಹೋಯಿತು. ಅತ್ತೆಯನ್ನು ಕರೆದ. ಅತ್ತೆ ಅವನ ಮುಖವನ್ನೇ ನೋಡುತ್ತ ಕೂತು, “ಇದು ಭಾಳ ಚೆನ್ನಾಗಿದೆ. ಸ್ಪಷ್ಟ,” ಎಂದರು.

ಮೆಟ್ಟಿಲ ಕೆಳಗೆ ಫ್ಯಾನಿಲ್ಲ. ಈ ಸಣ್ಣ ಸಂಗತಿಯನ್ನು ಗುಂಯ್ಯಣ್ಣ ಮರೆತಿದ್ದ. ಅಂಗಡಿಯ ಫ್ಯಾನಿನ ಭರ್ರೋ ಸದ್ದೂ ಅವನು ಅಷ್ಟು ಅಕ್ಕರೆಯಿಂದ ಸೋಸಿ ಬೆಳೆಸಿದ ಊಂಕಾರವೂ ಒಂದೇ ಎತ್ತರದವು. ಫ್ಯಾನು ಅದನ್ನು ನುಂಗಿ ನೀರು ಕುಡಿಯಿತು. ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ, ಸ್ವತಃ ಗುಂಯ್ಯಣ್ಣನಿಗೂ. ಆ ದಿನ ಹೊಗೆ ಬೀದಿಗೆ ಬಂತು.

ಹೆಂಡತಿ ಈ ಸಲ ಕೂಗಾಡಲಿಲ್ಲ. ಅವಳು ಕೂಗಾಡದಿದ್ದಾಗಲೇ ಅವನಿಗೆ ಹೆದರಿಕೆ. “ಬ್ರೆಡ್ ಹೋದ್ರೆ ಹೋಗ್ಲಿ,” ಎಂದಳು. “ಇವತ್ತು ಹೊಗೆ. ನಾಳೆ ಬೆಂಕಿ ಆದ್ರೆ? ಸೋಮವಾರದಿಂದ ಒಲೆಗೆ ಒಬ್ಬ ಆಳು ಬರ್ತಾನೆ, ಮಾತಾಡಿ ಆಗಿದೆ. ಅಮ್ಮ ಮನೇಲಿ ಆರಾಮಾಗಿರ್ಲಿ.”

“ಅವರಿಗೆ ಹೇಳಿದ್ಯಾ?”

“ಹೇಳ್ದೆ. ಕೇಳಿಸ್ಲಿಲ್ಲ ಅನ್ನೋ ಥರ ಕೂತಿದ್ರು. ಕೇಳಿಸಿದ್ಯೋ ಇಲ್ವೋ, ಅದೂ ಗೊತ್ತಿಲ್ಲ ನಂಗೆ.”

ಕೇಳಿಸಿತ್ತು. ಅಥವಾ ತುಟಿ ಓದಿಕೊಂಡಿದ್ದರು. ಮಾರನೆಯ ದಿನ ಅಂಗಡಿಗೆ ರಜೆ. ಮಧ್ಯಾಹ್ನ ಅತ್ತೆ ತಾವಾಗಿಯೇ ಮೆಟ್ಟಿಲ ಕೆಳಗೆ ಬಂದು, ತಲೆ ತಗ್ಗಿಸಿ ನಿಂತು, “ಇನ್ನೊಂದು ಸಲ ನೋಡೋಣ್ವೇನಪ್ಪಾ?” ಎಂದರು. ಬೇರೆ ಹೊತ್ತಾಗಿದ್ದರೆ ಅವನು ವಿನಯದ ಜೋಕು ಹೇಳುತ್ತಿದ್ದ. ಅಂದು ಹೇಳಲಿಲ್ಲ.

ಇಬ್ಬರೂ ಸಾಮಾನು ಹೊತ್ತು ಅಂಗಡಿಗೆ ಹೋದರು. ಈ ಸಲ ಗುಂಯ್ಯಣ್ಣ ಬುದ್ಧಿವಂತಿಕೆಯಿಂದ ಫ್ಯಾನನ್ನೂ ಹಾಕಿದ. ಹಿಟ್ಟಿನ ಮೂಟೆಯ ಮೇಲೆ ಸ್ಪೀಕರು ಇಟ್ಟ. ಚಿಪ್ಪಿಗೆ ಒಂದು ತಿರುಗಣೆ ಜೋಡಿಸಿದ್ದ. ತಿರುಗಿಸಿದಂತೆಲ್ಲ ದನಿ ತಳದಿಂದ ತುದಿಯವರೆಗೆ ಏರುತ್ತಿತ್ತು. ಅತ್ತೆ ಅವನ ಎದುರಿಗೆ ಸ್ಟೂಲಿನ ಮೇಲೆ ಕೂತರು. ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು, ಅಷ್ಟೇ.

ತಿರುಗಿಸಿ ನಿಲ್ಲಿಸಿದ. ಬೆರಳೆದ್ದಿತು. ಇನ್ನೊಂದಿಷ್ಟು ತಿರುಗಿಸಿದ. ಬೆರಳೆದ್ದಿತು. ಕೀಚಲು ದನಿ ಬಂತು, ಅವನೇ ಮುಖ ಕಿವುಚಿಕೊಂಡ, ಅದಕ್ಕೂ ಎದ್ದಿತು. ಅತ್ತೆಯ ಕಿವಿಗೆ ಏನೂ ಆಗಿಲ್ಲವಲ್ಲ, ಹಾಗಾದರೆ ಬ್ರೆಡ್ಡು ಸುಟ್ಟದ್ದು ಯಾಕೆ ಎಂದು ಅವನಿಗೆ ತಲೆ ಕೆಟ್ಟಿತು. ಆ ಹೊತ್ತಿಗೆ ದನಿ ಇದ್ದಕ್ಕಿದ್ದಂತೆ ನಿಂತಿತು. ನೋಡಿದರೆ ಸ್ಪೀಕರಿನ ತಂತಿ ಕಿತ್ತು ಬಂದು ಮೂಟೆಯ ಪಕ್ಕ ನೇತಾಡುತ್ತಿದೆ. ಸರಿಮಾಡೋಣವೆಂದು ತಿರುಗಣೆಯಿಂದ ಕೈ ತೆಗೆಯಬೇಕು, ಅಷ್ಟರಲ್ಲಿ ಅತ್ತೆ ಬೆರಳೆತ್ತಿದರು.

ಗುಂಯ್ಯಣ್ಣ ಮತ್ತೆ ತಿರುಗಿಸಿದ, ನಿಲ್ಲಿಸಿದ. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ಬೆರಳೆದ್ದಿತು.

“ಇದಂತೂ ಜೋರಾಗೇ ಇದೆ,” ಎಂದರು ಅತ್ತೆ.

ಅವರ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು. ಮಣಿಕಟ್ಟು ನಿಂತಾಗ ಬೆರಳೇಳುತ್ತಿತ್ತು. ಅವನಿಗೆ ಮೊದಲು ನಗು ಬಂತು, ಇಸ್ತ್ರಿಪೆಟ್ಟಿಗೆಯ ಘಾಟಿ ಹೆಂಗಸು ಇವರೇ ಅಲ್ಲವೇ ಎಂದು. ಮರುಗಳಿಗೆಯಲ್ಲೇ ನಗು ನಿಂತಿತು. ಶಾಲೆಗೆ ಹೋಗುವ ಮಕ್ಕಳು ಪಕ್ಕದವರ ಉತ್ತರ ನೋಡಿ ಬರೆಯುವುದನ್ನು ಅವನು ಕಂಡಿದ್ದ. ಈ ವಯಸ್ಸಿನಲ್ಲಿ, ತಮ್ಮದೇ ಅಂಗಡಿಯಲ್ಲಿ, ತಮ್ಮದೇ ಒಲೆಯ ಮುಂದೆ ಅತ್ತೆ ಹಾಗೆ ಮಾಡಬೇಕಾಗಿ ಬಂದಿತ್ತು. ಎದ್ದು ಫ್ಯಾನು ಆರಿಸಿ, ಅವರ ಹತ್ತಿರ ಮಂಡಿಯೂರಿ ಕೂತ.

“ಅತ್ತೆ, ತಂತಿ ಕಿತ್ತು ಬಂದಿದೆ.”

ಅತ್ತೆ ಮೂಟೆಯ ಕಡೆ ನೋಡಿದರು. ಮಡಿಲಿನ ಮೇಲೆ ಇಲ್ಲದ ಹಿಟ್ಟನ್ನು ಕೊಡವಿದರು. “ಯಾವಾಗಿಂದ?”

“ಈಗಷ್ಟೇ.”

“ಅದಕ್ಕೆ ಮುಂಚಿಂದೂ ಅಷ್ಟಕ್ಕಷ್ಟೇ ಬಿಡು. ಕೆಲವು ಕೇಳಿಸಿರಬೇಕು. ಯಾವುದು ಕೇಳಿಸ್ತು, ಯಾವುದು ನಿನ್ನ ಕೈ ನೋಡಿ ಎತ್ತಿದ್ದು ಅಂತ ನಂಗೇ ಗೊತ್ತಿಲ್ಲ.”

“ಮೆಟ್ಟಿಲ ಕೆಳಗೆ ಸ್ಪಷ್ಟ ಅಂದ್ರಲ್ಲ?”

“ನಿನ್ನ ಮುಖ ಹಾಗಿತ್ತು. ಅಷ್ಟು ಖುಷಿಯಾಗಿರೋನ ಮುಂದೆ ಇಲ್ಲ ಅನ್ನೋದು ಹೇಗೆ?” ಅತ್ತೆ ಒಲೆಯ ಕಡೆ ತಿರುಗಿದರು. “ಕೇಳಿಸಲ್ಲ ಅಂದ್ರೆ ಒಲೆ ಹೋಗತ್ತಪ್ಪಾ. ಒಲೆ ಬಿಟ್ರೆ ನಂಗೇನು ಬರತ್ತೆ? ಸುಮ್ನೆ ಕೂತ್ಕೊಳೋದು ನಾನು ಕಲಿತೇ ಇಲ್ಲ.” ಆಮೇಲೆ ಅವನ ಕೈ ಹಿಡಿದುಕೊಂಡು, “ಅವಳಿಗೆ ಹೇಳ್ಬೇಡ,” ಎಂದರು.

“ಬೆರಳಿನ ವಿಷಯ ಹೇಳಲ್ಲ. ನೀವೂ ಒಂದು ನಿಜ ಹೇಳ್ಬೇಕು. ಅವತ್ತು ಇಸ್ತ್ರಿಪೆಟ್ಟಿಗೆ ತಂತಿ ಎಳೆದಿದ್ದು ಯಾರು?”

“ಮತ್ತಿನ್ಯಾರು? ನಾನೇ,” ಎಂದರು ಅತ್ತೆ, ಒಂದಿಷ್ಟೂ ನಾಚಿಕೆಯಿಲ್ಲದೆ. “ಕೆಡದೇ ಇರೋದನ್ನ ಕೆಟ್ಟಿದೆ ಅಂತ ಹೇಳಿ ಮೋಸ ಮಾಡ್ತೀಯೋ ಇಲ್ವೋ ನೋಡ್ಬೇಕಿತ್ತು. ಮಗಳನ್ನ ಕೊಡೋದು ಅಂದ್ರೆ ಸುಮ್ನೇನಾ?”

ಇಬ್ಬರೂ ನಕ್ಕರು. ನಕ್ಕು ಹಗುರಾದ ಮೇಲೆ ಕೆಲಸ ಸಲೀಸಾಯಿತು. ಗುಂಯ್ಯಣ್ಣ ತಂತಿ ಬೆಸೆದ, ಬೆರಳು ಒದ್ದೆ ಮಾಡಿಕೊಂಡು ಮುಟ್ಟಿ ‘ಗುಂಯ್’ ಅನ್ನಿಸಿದ, ಫ್ಯಾನು ಹಾಕಿದ. ಅತ್ತೆಯನ್ನು ಒಲೆಗೂ ತನಗೂ ಬೆನ್ನು ಮಾಡಿಸಿ ನಿಲ್ಲಿಸಿದ. ಗೋಡೆಯ ಮೇಲಿನ ಬ್ರೆಡ್ಡಿನ ಅಚ್ಚುಗಳನ್ನು ಗಟ್ಟಿಯಾಗಿ ಎಣಿಸುತ್ತಿರಬೇಕು, ದನಿ ಕೇಳಿದ ಕೂಡಲೇ ಎಣಿಕೆ ನಿಲ್ಲಿಸಬೇಕು. ಬೆನ್ನಿಗೆ ಕಣ್ಣಿಲ್ಲ ಎಂದು ಅವರೇ ಹೇಳಿದ್ದರು.

ತುದಿಯಿಂದ ಶುರುಮಾಡಿದ. ಕೀಚಲು ದನಿ ಕಿವಿ ಸೀಳುವಂತೆ ಬಂತು; ಬಾಗಿಲಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು, ಪಕ್ಕದ ಕ್ಷೌರದವನು ಗೋಡೆ ಕುಟ್ಟಿದ. ಅತ್ತೆ ನೆಮ್ಮದಿಯಾಗಿ ಏಳು, ಎಂಟು, ಒಂಬತ್ತು ಎನ್ನುತ್ತಿದ್ದರು. ಇಳಿಸಿದ. ಎಣಿಕೆ ನಡೆದೇ ಇತ್ತು. ಅಚ್ಚುಗಳು ಮುಗಿದು ಮತ್ತೆ ಒಂದರಿಂದ ಶುರುವಾಯಿತು. ಇನ್ನೂ ಇಳಿಸಿದ. ಎಲ್ಲೂ ಸಿಗದಿದ್ದರೆ ಏನು ಮಾಡುವುದು, ಈ ಮುಖ ಇಟ್ಟುಕೊಂಡು ಮನೆಗೆ ಹೇಗೆ ಹೋಗುವುದು ಎಂದು ಯೋಚಿಸುತ್ತಿರುವಾಗಲೇ ಅತ್ತೆ “ಹದಿ...” ಎಂದು ನಿಂತರು. ಬಾಯಿ ತೆರೆದೇ ಇತ್ತು.

“ಇದು,” ಎಂದರು. “ಇದು ಬಂತು.”

ಅವರು ತಿರುಗಿರಲಿಲ್ಲ. ಅವನು ದನಿ ನಿಲ್ಲಿಸಿದ, “ಹೋಯ್ತು,” ಎಂದರು. ಮತ್ತೆ ಹಾಕಿದ, “ಬಂತು.” ಕೆಳಗೆ ಇಳಿಸಿದರೆ ಫ್ಯಾನು ನುಂಗುತ್ತಿತ್ತು, ಮೇಲೆ ಏರಿಸಿದರೆ ಅತ್ತೆಯ ಕಿವಿ ಕೈಬಿಡುತ್ತಿತ್ತು. ನಡುವೆ ಒಂದು ಕಿರಿದಾದ ಓಣಿ ಇತ್ತು, ಅದರೊಳಗೆ ದನಿ ಹಾಯಾಗಿ ನಡೆದು ಬಂದು ಅತ್ತೆಯನ್ನು ಮುಟ್ಟುತ್ತಿತ್ತು. ಗುಂಯ್ಯಣ್ಣ ಅದರ ಜೊತೆ ತಾನೂ ಗುನುಗಿ ನೋಡಿದ. ಗಂಟಲಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ, ಅವನು ದಿನವೂ ಮಾತಾಡುವ ದನಿಯ ನೆರೆಯಲ್ಲೇ ಅದು ಇತ್ತು. ಆಗ ಅವನಿಗೆ ಹೆಂಡತಿಯ ದನಿ ನೆನಪಾಯಿತು. ಸೂಜಿಯ ಮೊನೆಯಂಥ ತೆಳು ದನಿ. ಅವಳಿಗೆ ಗಾಬರಿಯಾದಾಗ, ಕೂಗಿದಾಗ, ಅದು ಇನ್ನೂ ತೆಳುವಾಗಿ ಮೇಲೆ ಮೇಲೆ ಹೋಗುತ್ತದೆ. ಆ ದನಿಗೇ ಅವನು ಮೆಟ್ಟಿಲ ಕೆಳಗೆ ಮನಸ್ಸು ಸೋತಿದ್ದು. ತನ್ನ ಮೇಲೆ ಅತ್ತೆಗಿದ್ದ ಒಂದು ತೂಕ ಹೆಚ್ಚಿನ ಪ್ರೀತಿ ಎಂಥದ್ದೆಂದು ಆಗ ತಿಳಿದು ಅವನು ಪೆಚ್ಚಾದ.

ಸೋಮವಾರಕ್ಕೆ ಉಳಿದ ದಿನಗಳಲ್ಲಿ ಗಂಟೆ ಸಿದ್ಧವಾಯಿತು. ಚಿಪ್ಪಿಗೆ ಓಣಿಯ ದನಿಯನ್ನು ಕಲಿಸಿದ. ಜರಡಿಯ ಕೆಪಾಸಿಟರು ಬದಲಿಸಿ ಮೂಲೆಗಳನ್ನು ಬೇಕಾದಷ್ಟೇ ದುಂಡಗೆ ಮಾಡಿದ. ಆಂಪ್ಲಿಫೈಯರಿನಲ್ಲಿ ದನಿ ಜೋರು ಮಾಡುವ ಹಿಡಿಯನ್ನು ಮಾತ್ರ ತುದಿಯವರೆಗೆ ತಿರುಗಿಸಬೇಕೆಂಬ ಆಸೆ ಬಿಡಲಿಲ್ಲ, ತಿರುಗಿಸಿಯೇ ನೋಡಿದ. ತನ್ನ ಶಕ್ತಿ ಮೀರಿದಾಗ ಆಂಪ್ಲಿಫೈಯರು ಅಲೆಯ ನೆತ್ತಿಯನ್ನು ಚಪ್ಪಟೆ ಕತ್ತರಿಸುತ್ತದೆ. ಕತ್ತರಿಸಿದಲ್ಲಿ ಹೊಸ ಮೂಲೆ, ಮೂಲೆಯಿದ್ದಲ್ಲಿ ಕೀಚಲು. ಮುಂಬಾಗಿಲಿನಿಂದ ಹೊರಗೆ ಕಳಿಸಿದ ನೆಂಟರು ಹಿಂಬಾಗಿಲಿನಿಂದ ಬಂದು ಕೂತಂತಾಯಿತು. ಬೈದುಕೊಂಡು ಹಿಡಿಯನ್ನು ಹಿಂದಕ್ಕೆ ತಂದು, ಒಡಕು ಮಾಯವಾದಲ್ಲಿ ಒಂದು ಗುರುತು ಗೀರಿದ. ಅಪ್ಪನ ಕೀಸುಳಿಯಿಂದ ಮರದ ಪೆಟ್ಟಿಗೆ ಮಾಡಿ, ಒಳಗೆ ಅಗಲವಾದ ಸ್ಪೀಕರು ಕೂರಿಸಿದ. ಪೆಟ್ಟಿಗೆಯ ಮೂಲೆಗಳು ದುಂಡಗಿದ್ದವೆಂದು ಬೇರೆ ಹೇಳಬೇಕಿಲ್ಲ.

ಸೋಮವಾರ ಹೊಸ ಆಳು ಬಂದ. ಕೈಕಟ್ಟಿಕೊಂಡು ಬಾಗಿಲ ಪಕ್ಕ ನಿಂತ. ಹೆಂಡತಿ ಅವನ ಪಕ್ಕ, ಮುಖ ಬಿಗಿದುಕೊಂಡು. “ಇದೊಂದು ಒಬ್ಬೆ,” ಎಂದು ಗಂಡನಿಗೆ ಹೇಳಿದಳು, “ಆಮೇಲೆ ನೀವು ಅಡ್ಡ ಬರೋ ಹಾಗಿಲ್ಲ.” ಅತ್ತೆ ಎಲ್ಲರಿಗೂ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದರು. ಫ್ಯಾನು ತನ್ನ ಪಾಡಿಗೆ ಭರ್ರೋ ಎನ್ನುತ್ತಿತ್ತು.

ಪೆಟ್ಟಿಗೆ ಓಣಿಯ ದನಿಯಲ್ಲಿ ‘ಊಂ’ ಎಂದಿತು. ಜೋರಿರಲಿಲ್ಲ. ಯಾರೂ ಬೆಚ್ಚಲಿಲ್ಲ, ಹೊಸ ಆಳು ತಲೆಯನ್ನೂ ಎತ್ತಲಿಲ್ಲ.

ಅತ್ತೆಯ ಕೈ ಹಿಟ್ಟಿನೊಳಗೆ ನಿಂತಿತು. ಕೈ ಒರೆಸಿಕೊಂಡರು, ತಿರುಗಿದರು, ಬಟ್ಟೆ ಹಿಡಿದು ಒಲೆಯ ಬಾಗಿಲು ಎಳೆದರು. ಬ್ರೆಡ್ಡಿನ ಸಾಲು ಹೊಂಬಣ್ಣದಲ್ಲಿ ಹೊರಗೆ ಬಂತು. ತಟ್ಟೆಗಳನ್ನು ಜೋಡಿಸಿ ಮುಗಿಸಿದ ಮೇಲೆ ಬಾಗಿಲ ಕಡೆ ನೋಡಿ, “ಎಲ್ಲಾ ಏನು ಶಿಲೆ ಥರ ನಿಂತಿದೀರಿ? ಆ ಹುಡುಗ ಯಾರು, ನಾದೋಕೆ ಬಂದಿದಾನಾ? ಹಾಗಾದ್ರೆ ಕೈ ತೊಳ್ಕೊಂಡು ಬರೋಕೆ ಹೇಳು,” ಎಂದರು. ಹೊಸ ಆಳು ಒಡತಿಯ ಮುಖ ನೋಡಿದ, ಒಡತಿ ತಲೆಯಾಡಿಸಿದಳು, ಅವನು ಕೈ ತೊಳೆಯಲು ಹೋದ. ಅಂದಿನಿಂದ ಅವನು ನಾದುವ ಆಳು. ಒಲೆಯ ಹತ್ತಿರ ಅವನಿಗೆ ಇವತ್ತಿಗೂ ಪ್ರವೇಶವಿಲ್ಲ.

ಸಂಜೆ ಮನೆಯಲ್ಲಿ ಗುಂಯ್ಯಣ್ಣ ಹೆಂಡತಿಗೆ ಹೇಳಿದ. ಬೆರಳಿನ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. “ನೀನು ಜೋರು ಮಾಡಿದಷ್ಟೂ ದನಿ ಮೇಲೆ ಹೋಗತ್ತೆ. ಮೇಲಿನದು ಅವರಿಗೆ ತಲುಪೋದೇ ಇಲ್ಲ. ಕೂಗ್ಬೇಡ. ಇಳಿಸಿ, ನಿಧಾನಕ್ಕೆ ಮಾತಾಡಿ ನೋಡು.”

“ನಾನೇನು ನಿಮ್ಮ ಡಬ್ಬಾನಾ, ತಿರುಗಣೆ ತಿರುಗಿಸೋಕೆ?” ಎಂದಳು. ಆಮೇಲೆ ಮಡಿಸುತ್ತಿದ್ದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. “ಅಂದ್ರೆ ಇಷ್ಟು ದಿನ ಅಮ್ಮ ನಂಗೆ ಬೇಕಂತ ಹಾಗೆ ಮಾಡ್ತಿರ್ಲಿಲ್ಲ.”

“ಇಲ್ಲ.”

“ನಾನು ಏನೇನು ಅಂದೆ ಅವರಿಗೆ.”

“ಅದೂ ಕೇಳಿಸಿಲ್ಲ ಬಿಡು,” ಎಂದ ಗುಂಯ್ಯಣ್ಣ. ಅವಳು ಅಳುತ್ತಲೇ ನಕ್ಕಳು.

ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಒಳಕೋಣೆಗೆ ಹೋಗಿ ತಾಯಿಯ ಹಿಂದೆ ನಿಂತಳು. ಬಾಗಿಲ ಹತ್ತಿರ ಗುಂಯ್ಯಣ್ಣ ಪೆಟ್ಟಿಗೆಯ ತಂತಿ ನೋಡುವ ನೆಪದಲ್ಲಿ ಸುಳಿದಾಡುತ್ತಿದ್ದ. ಫ್ಯಾನು ತಿರುಗುತ್ತಿತ್ತು, ತಾಯಿ ಹಿಟ್ಟು ಅಳೆಯುತ್ತಿದ್ದರು. ಅವಳು ಒಂದು ಸಲ ಗಂಟಲು ಸರಿಮಾಡಿಕೊಂಡಳು. ದನಿಯನ್ನು ಎದೆಯವರೆಗೆ ಇಳಿಸಿ, ಮೆಲ್ಲಗೆ, ಯಾರಿಗೋ ಗುಟ್ಟು ಹೇಳುವವಳ ಹಾಗೆ, “ಅಮ್ಮ,” ಎಂದಳು.

“ಏನೇ?” ಎಂದರು ತಾಯಿ, ತಿರುಗದೆ.

ಹೇಳುವುದಕ್ಕೆ ಏನನ್ನೂ ಇಟ್ಟುಕೊಂಡು ಬಂದಿರಲಿಲ್ಲ, ಕೇಳಿಸುತ್ತದೆ ಎಂದೇ ಅವಳು ನಂಬಿರಲಿಲ್ಲ. “ಏನಿಲ್ಲಮ್ಮ. ಸುಮ್ನೆ ಕರೆದೆ,” ಎಂದಳು ಕೊನೆಗೆ, ಅದೇ ತಗ್ಗಿದ ದನಿಯಲ್ಲಿ.

“ಕೆಲಸದ ಹೊತ್ತಲ್ಲಿ ಸುಮ್ನೆ ಕರೀತಾರೇನೇ?” ಎಂದು ತಾಯಿ ಅಳತೆಯ ಬಟ್ಟಲನ್ನು ಹಿಟ್ಟಿನಲ್ಲಿ ಅದ್ದಿದರು. ಬಟ್ಟಲು ಅಲ್ಲೇ ಉಳಿಯಿತು.

“ಇನ್ನೊಂದ್ಸಲ ಕರಿ,” ಎಂದರು.